ಕ್ಲಾಸ್ ಬಿ ಎಐಎಸ್ ವಿಮರ್ಶೆ: ಸಬ್‌ಮರೀನಿಗೆ ನಮ್ಮ ಬೋಟು ನಿಜವಾಗಿ ಕಾಣುತ್ತದೆಯೇ?

ಮಲ್ಪೆ ಅಥವಾ ಮಂಗಳೂರು ದಕ್ಕೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿಗೆ ಕ್ಲಾಸ್ ಬಿ ಎಐಎಸ್ ಸೆಟ್ (ಬೋಟು ಎಲ್ಲಿದೆ ಎಂದು ಸುತ್ತಲಿನ ಹಡಗುಗಳಿಗೆ ರೇಡಿಯೋದಲ್ಲಿ ತಾನಾಗಿ ತಿಳಿಸುವ, ಸಣ್ಣ ಬೋಟುಗಳ ಸಾಧನ) ಹಾಕಿಸಬೇಕೇ ಎಂದು ಕೇಳಿದರೆ, ಹಾಕಿಸಲೇಬೇಕು. ಸ್ಕ್ರೀನ್ ಇರುವ 5 ವ್ಯಾಟಿನ ಸೆಟ್ ಸಿಕ್ಕರೆ ಉತ್ತಮ. 2 ವ್ಯಾಟಿನದ್ದಾದರೂ ಆಂಟೆನಾ, ಕೇಬಲ್ ಸರಿಯಿದ್ದರೆ ಕೆಲಸ ನಡೆಯುತ್ತದೆ. ಆದರೆ "ಇದೊಂದಿದ್ದರೆ ಸಬ್‌ಮರೀನಿಗೂ ನೀವು ಕಾಣ್ತೀರಿ" ಎಂದು ಯಾರಾದರೂ ಹೇಳಿ ಮಾರಲು ಬಂದರೆ ಆ ಮಾತಿಗೆ ದುಡ್ಡು ಕೊಡಬೇಡಿ. ಅದು ಅರ್ಧ ಮಾತ್ರ ನಿಜ. ಸಬ್‌ಮರೀನ್ ನಿಮ್ಮ ಎಐಎಸ್ ಹಿಡಿಯಬೇಕಾದರೆ ಅದರ ಮಾಸ್ಟ್ (ಆಂಟೆನಾ ಹೊತ್ತ ಕಂಬ) ನೀರಿನ ಮೇಲೆ ಬಂದಿರಬೇಕು. ಡಿಕ್ಕಿಯ ಅಪಾಯ ಹೆಚ್ಚಿರುವುದು ಮಾಸ್ಟ್ ಮೇಲೆ ಬರುವ ಮುಂಚಿನ ಕೆಲವು ನಿಮಿಷಗಳಲ್ಲಿ.

ಈ ಪ್ರಶ್ನೆ ಬೋಟಿನವರಿಗೆ ಸುಮ್ಮನೆ ಬಂದದ್ದಲ್ಲ. 2024ರ ನವೆಂಬರ್ 21ರಂದು ಗೋವಾದಿಂದ ವಾಯವ್ಯಕ್ಕೆ ಸುಮಾರು 70 ನಾಟಿಕಲ್ ಮೈಲು ಹೊರಗೆ ಮಾರ್ತೋಮಾ ಎಂಬ ಮೀನುಗಾರಿಕಾ ಬೋಟಿಗೂ ನೌಕಾಪಡೆಯ ಸ್ಕಾರ್ಪೀನ್ ದರ್ಜೆಯ ಸಬ್‌ಮರೀನ್ ಐಎನ್‌ಎಸ್ ಕರಂಜ್‌ಗೂ ಡಿಕ್ಕಿಯಾಯಿತು. ಬೋಟು ಮುಳುಗಿತು. ಅದರಲ್ಲಿದ್ದ 13 ಮಂದಿಯಲ್ಲಿ 11 ಮಂದಿಯನ್ನು ಎತ್ತಿಕೊಂಡರು, ಇಬ್ಬರು ಉಳಿಯಲಿಲ್ಲ. ಮಲ್ಪೆಯ ತ್ರಿಸೆವೆಂಟಿ ಎಂಬ ಆಳಸಮುದ್ರ ಬೋಟುಗಳು ಗೋವಾ ದಾಟಿ ರತ್ನಗಿರಿ ಕಡೆಗೆ ಹೋಗುವುದು ಇದೇ ನೀರಿನಲ್ಲಿ, ದಾರಿಯಲ್ಲಿ ಸಿಗುವುದು ಕಾರವಾರದ ನೌಕಾನೆಲೆ. 2018ರ ಡಿಸೆಂಬರ್‌ನಲ್ಲಿ ಏಳು ಮಂದಿಯೊಂದಿಗೆ ಕಾಣೆಯಾದ ಸುವರ್ಣ ತ್ರಿಭುಜ, 2019ರ ಮೇ ತಿಂಗಳಲ್ಲಿ ಮಾಲ್ವಣ್ ಹೊರಗಿನ ಕಡಲತಳದಲ್ಲಿ ಪತ್ತೆಯಾದದ್ದನ್ನು ಮಲ್ಪೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ.

ಸೆಟ್ ಏನು ಮಾಡುತ್ತದೆ

ಜಿಪಿಎಸ್‌ನಿಂದ ಬೋಟಿನ ಸ್ಥಾನ, ವೇಗ, ದಿಕ್ಕು ತೆಗೆದುಕೊಂಡು 161.975 ಮತ್ತು 162.025 ಮೆಗಾಹರ್ಟ್ಸ್ ಎಂಬ ಎರಡು ವಿಎಚ್‌ಎಫ್ (ಬೋಟುಗಳು ಹತ್ತಿರದವರೊಂದಿಗೆ ಮಾತಾಡುವ ರೇಡಿಯೋ) ಚಾನೆಲ್‌ಗಳಲ್ಲಿ ಸರದಿಯಂತೆ ಕಳಿಸುತ್ತದೆ. ಬೇರೆಯವರು ಕಳಿಸಿದ್ದನ್ನು ಹಿಡಿದು ತೋರಿಸುತ್ತದೆ. ಇಷ್ಟೇ. ದೊಡ್ಡ ಹಡಗಿನ ಕ್ಲಾಸ್ ಎ ಸೆಟ್ 12.5 ವ್ಯಾಟಿನಲ್ಲಿ, ಚಲಿಸುವಾಗ 2ರಿಂದ 10 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಕ್ಲಾಸ್ ಬಿಯಲ್ಲಿ ಎರಡು ಜಾತಿ. ಸಿಎಸ್ ಎಂಬುದು 2 ವ್ಯಾಟಿನದ್ದು, ಚಾನೆಲ್ ಖಾಲಿ ಇದೆಯೇ ಎಂದು ಕೇಳಿ ನೋಡಿ ಆಮೇಲೆ ಮಾತಾಡುತ್ತದೆ. ಎಸ್‌ಒ ಎಂಬುದು 5 ವ್ಯಾಟಿನದ್ದು, ತನ್ನ ಸರದಿಯನ್ನು ಮೊದಲೇ ಕಾಯ್ದಿರಿಸಿಕೊಳ್ಳುತ್ತದೆ. ಹಡಗುಗಳ ಸಂದಣಿ ಇರುವಲ್ಲಿ, ಅಂದರೆ ಪಣಂಬೂರು ಬಂದರಿನ ಹೊರಗೆ ಲಂಗರು ಹಾಕಿದ ಹಡಗುಗಳು, ಎಂಆರ್‌ಪಿಎಲ್‌ಗೆ ಕಚ್ಚಾತೈಲ ಇಳಿಸಲು ಬಂದ ಟ್ಯಾಂಕರುಗಳ ನಡುವೆ, ಸಿಎಸ್ ಸೆಟ್ ಕೆಲವೊಮ್ಮೆ ಸರದಿ ಸಿಗದೆ ಒಂದು ಸುತ್ತು ಬಿಟ್ಟುಬಿಡಬಹುದು. ಎಸ್‌ಒ ಬಿಡುವುದಿಲ್ಲ.

ವಿವರಪಟ್ಟಿಯಲ್ಲಿ ಎಲ್ಲರೂ ದಾಟಿಹೋಗುವ ಒಂದು ಸಾಲಿದೆ. ಬೋಟಿನ ವೇಗ 2 ನಾಟ್‌ಗಿಂತ (ಗಂಟೆಗೆ 2 ನಾಟಿಕಲ್ ಮೈಲು) ಹೆಚ್ಚಿದ್ದರೆ ಕ್ಲಾಸ್ ಬಿ 30 ಸೆಕೆಂಡಿಗೊಮ್ಮೆ ಸ್ಥಾನ ಕಳಿಸುತ್ತದೆ. 2 ನಾಟ್ ಅಥವಾ ಕಡಿಮೆ ಇದ್ದರೆ 3 ನಿಮಿಷಕ್ಕೊಮ್ಮೆ. ಮೀನುಗಾರಿಕಾ ಬೋಟಿನ ವೇಗದಲ್ಲಿ ಇದಕ್ಕೆ 2 ವ್ಯಾಟ್, 5 ವ್ಯಾಟ್ ಎಂಬ ಭೇದವಿಲ್ಲ. ಟ್ರಾಲ್ ಎಳೆಯುವ ಬೋಟು ಸಾಮಾನ್ಯವಾಗಿ 3 ನಾಟಿನ ಆಸುಪಾಸಿನಲ್ಲಿರುತ್ತದೆ, ತೊಂದರೆ ಇಲ್ಲ. ರಾತ್ರಿ ಎಂಜಿನ್ ಆಫ್ ಮಾಡಿ ಅಲೆಯ ಮೇಲೆ ಬಿಟ್ಟ ಬೋಟು, ಬೀಡುಬಲೆ ಬಿಟ್ಟು ಕಾಯುವ ಬೋಟು, ಬಲೆ ಎತ್ತಲು ನಿಂತ ಬೋಟು ಇವೆಲ್ಲ 3 ನಿಮಿಷದ ಲೆಕ್ಕಕ್ಕೆ ಬೀಳುತ್ತವೆ. ಈ 3 ನಿಮಿಷ ಮುಂದೆ ಮತ್ತೆ ಬರುತ್ತದೆ.

ನೀರಿನಡಿಯಿಂದ ನೋಡಿದರೆ

ವಿಎಚ್‌ಎಫ್ ತರಂಗ ಉಪ್ಪುನೀರಿನೊಳಗೆ ಇಳಿಯುವುದಿಲ್ಲ. ಆಳದಲ್ಲಿರುವ ಸಬ್‌ಮರೀನಿಗೆ ರೇಡಾರ್ ಇಲ್ಲ, ಎಐಎಸ್ ಇಲ್ಲ, ಕಣ್ಣಿಲ್ಲ. ಕಿವಿ ಮಾತ್ರ. ಆ ಕಿವಿಯನ್ನೂ ಅದು ಸುಮ್ಮನೆ ಕೇಳಿಸಿಕೊಳ್ಳಲು ಬಳಸುತ್ತದೆಯೇ ಹೊರತು ತಾನಾಗಿ ಶಬ್ದ ಮಾಡಿ ಪ್ರತಿಧ್ವನಿ ಹಿಡಿಯುವುದು ಅಪರೂಪ, ಹಾಗೆ ಮಾಡಿದರೆ ತಾನಿರುವ ಜಾಗ ಊರಿಗೆಲ್ಲ ಗೊತ್ತಾಗುತ್ತದೆ. ಸುಮ್ಮನೆ ಕೇಳಿಸಿಕೊಳ್ಳುವ ಸೋನಾರಿನಲ್ಲಿ ಶಬ್ದ ಯಾವ ದಿಕ್ಕಿನಿಂದ ಬಂತು ಎಂಬುದು ತಿಳಿಯುತ್ತದೆ, ಎಷ್ಟು ದೂರದಿಂದ ಎಂಬುದು ನೇರವಾಗಿ ತಿಳಿಯುವುದಿಲ್ಲ. ದೂರ ಲೆಕ್ಕ ಹಾಕಲು ಅದು ತನ್ನ ದಿಕ್ಕು ಬದಲಿಸಿ, ಶಬ್ದದ ದಿಕ್ಕು ಹೇಗೆ ಸರಿಯುತ್ತದೆ ಎಂದು ನೋಡುತ್ತಾ ಕೂರಬೇಕು. ಒಂದು ಹಡಗಾದರೆ ಸರಿ. ಮೂವತ್ತು ನಲವತ್ತು ಬೋಟುಗಳು ಒಟ್ಟಿಗೆ ಟ್ರಾಲ್ ಎಳೆಯುತ್ತಿರುವಲ್ಲಿ ಯಾವ ಎಂಜಿನ್ ಯಾವುದು ಎಂದು ಬಿಡಿಸುವುದು ಸುಲಭವಲ್ಲ.

ಅದಕ್ಕಿಂತ ಕಷ್ಟ, ಶಬ್ದವೇ ಇಲ್ಲದ ಬೋಟು. ಎಂಜಿನ್ ಆಫ್ ಆದ ಬೋಟು ಸೋನಾರಿಗೆ ಹೆಚ್ಚುಕಡಿಮೆ ಇಲ್ಲದ ಹಾಗೆ. ನೇರ ಮುಖ ಮಾಡಿ ಬರುವ ಬೋಟಿನ ಪ್ರೊಪೆಲ್ಲರ್ ಶಬ್ದವನ್ನು ಅದರ ಒಡಲೇ ಮರೆ ಮಾಡುತ್ತದೆ. ಸಬ್‌ಮರೀನಿನ ಹಿಂಭಾಗದಲ್ಲಿ ಅದರದೇ ಪ್ರೊಪೆಲ್ಲರ್ ಶಬ್ದದಿಂದ ಕಿವುಡಾದ ಒಂದು ಕೋನ ಇರುತ್ತದೆ; ಮೇಲೆ ಬರುವ ಮೊದಲು ತಿರುಗಿ ಆ ಕೋನವನ್ನು ಕೇಳಿ ನೋಡುವುದು ಪದ್ಧತಿ. ಇನ್ನು ಬಿಸಿಲಿಗೆ ಕಾದ ಮೇಲ್ಪದರದ ನೀರು, ಕೆಳಗಿನ ತಣ್ಣನೆಯ ನೀರು ಸೇರುವಲ್ಲಿ ಶಬ್ದ ಬಾಗುತ್ತದೆ. ಪದರದ ಕೆಳಗಿದ್ದರೆ ಮೇಲಿನ ಬೋಟಿನ ಸದ್ದು ಕ್ಷೀಣವಾಗಿ ಕೇಳಬಹುದು, ಕೇಳದೆಯೂ ಇರಬಹುದು.

ಹೀಗೆ ಅಂದಾಜಿನ ಮೇಲೆ ಅದು ಪೆರಿಸ್ಕೋಪ್ ಆಳಕ್ಕೆ, ಅಂದರೆ ಹತ್ತು ಮಾರಿನ ಆಸುಪಾಸಿಗೆ, ಏರಿ ಬರುತ್ತದೆ. ಏರುವಷ್ಟು ಹೊತ್ತು ಕುರುಡು. ಪೆರಿಸ್ಕೋಪ್ ನೀರು ಬಿಟ್ಟೆದ್ದ ಕೂಡಲೇ ಸುತ್ತ ಒಂದು ಬೇಗನೆಯ ನೋಟ, ಹತ್ತಿರ ಏನಾದರೂ ಇದ್ದರೆ ಮತ್ತೆ ಕೆಳಗೆ. ಎಐಎಸ್ ಉಪಯೋಗಕ್ಕೆ ಬರುವುದು ಈ ಗಳಿಗೆಯಿಂದ ಮುಂದೆ.

ವಿಎಚ್‌ಎಫ್ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ಒರಟು ಲೆಕ್ಕವೊಂದಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 2.2ರಿಂದ ಗುಣಿಸಿದರೆ ನಾಟಿಕಲ್ ಮೈಲು ಬರುತ್ತದೆ. ಎರಡೂ ಕಡೆಯದನ್ನು ಕೂಡಿಸಬೇಕು. ನಿಮ್ಮ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ 6.6. ನೀರಿನಿಂದ 2 ಮೀಟರ್ ಮೇಲೆದ್ದ ಮಾಸ್ಟಿಗೆ ಸುಮಾರು 3. ಒಟ್ಟು 9 ಮೈಲು ದಾಟಿತು. ದೂರ ಸಾಕಷ್ಟಾಯಿತು, ಸಾಲದೇ ಹೋಗುವುದು ಹೊತ್ತು. ತೇಲುತ್ತಾ ನಿಂತ ನಿಮ್ಮ ಬೋಟು ಆಗಷ್ಟೇ ಒಂದು ಸಂದೇಶ ಕಳಿಸಿ ಮುಗಿಸಿದ್ದರೆ ಮುಂದಿನದು 3 ನಿಮಿಷದ ನಂತರ. ಅಷ್ಟರಲ್ಲಿ ನೋಡಬೇಕಾದವರು ಕಣ್ಣಿನಿಂದಲೇ ನೋಡಿರಬೇಕು. ಆದ್ದರಿಂದ ರಾತ್ರಿ ತೇಲಿಬಿಟ್ಟಾಗ ಎಐಎಸ್ ಇದೆ ಎಂದು ಡೆಕ್ಕಿನ ದೀಪ, ಮಾಸ್ಟಿನ ದೀಪ ಆರಿಸಿ ಬ್ಯಾಟರಿ ಉಳಿಸುವ ಅಭ್ಯಾಸ ಬೇಡ. ಪೆರಿಸ್ಕೋಪಿನಲ್ಲಿ ಮೊದಲು ಕಾಣುವುದು ದೀಪ.

ಇನ್ನೊಂದು ಕಡೆಯ ಲೆಕ್ಕ ಇನ್ನೂ ಸರಳ. ಮುಳುಗಿರುವ ಸಬ್‌ಮರೀನ್ ಎಐಎಸ್ ಕಳಿಸುವುದಿಲ್ಲ. ನೌಕಾಪಡೆಯ ಹಡಗುಗಳೂ ಬೇಕೆಂದಾಗ ಆಫ್ ಮಾಡಿಕೊಳ್ಳಬಹುದು. ನಿಮ್ಮ ಸ್ಕ್ರೀನ್ ಖಾಲಿ ಇದ್ದರೆ ಅದರ ಅರ್ಥ ಎಐಎಸ್ ಕಳಿಸುವವರು ಯಾರೂ ಹತ್ತಿರ ಇಲ್ಲ ಎಂದಷ್ಟೇ.

ಕಣ್ಣಿನ ನೋಟವೂ ಅವಸರದಲ್ಲಿ ತಪ್ಪುತ್ತದೆ ಎಂಬುದಕ್ಕೆ 2001ರ ಫೆಬ್ರವರಿ 9ರ ಹವಾಯಿ ಘಟನೆ ಸಾಕ್ಷಿ. ಅಮೆರಿಕದ ಗ್ರೀನ್‌ವಿಲ್ ಸಬ್‌ಮರೀನ್ ಪೆರಿಸ್ಕೋಪಿನಲ್ಲಿ ಗಡಿಬಿಡಿಯಿಂದ ನೋಡಿ, ಕೆಳಗಿಳಿದು, ತುರ್ತಾಗಿ ಗಾಳಿ ತುಂಬಿ ಚಿಮ್ಮುವ ಪ್ರದರ್ಶನ ಮಾಡಿತು. ಮೇಲೆ ಜಪಾನಿನ ಮೀನುಗಾರಿಕಾ ತರಬೇತಿ ಹಡಗು ಎಹಿಮೆ ಮಾರು ಇತ್ತು. ಸಬ್‌ಮರೀನಿನ ರಡ್ಡರ್ ಹಡಗಿನ ತಳ ಸೀಳಿತು, ಹತ್ತೇ ನಿಮಿಷದ ಸುಮಾರಿಗೆ ಹಡಗು ಮುಳುಗಿತು, ಒಂಬತ್ತು ಮಂದಿ ಸತ್ತರು.

ತಾಗಿದರೆ ಏನೇನು ಮುರಿಯುತ್ತದೆ

ಕರಂಜ್‌ನಂಥ ಸ್ಕಾರ್ಪೀನ್ 67.5 ಮೀಟರ್ ಉದ್ದ, ಮುಳುಗಿದಾಗ 1,700 ಟನ್ನಿಗೂ ಹೆಚ್ಚು ತೂಕ. ಡೀಸೆಲ್, ಐಸ್, ಮೀನು ತುಂಬಿದ ನಮ್ಮ ಬೋಟು ಅದರ ಹತ್ತರಲ್ಲೊಂದು ಭಾಗ ತೂಗುವುದೂ ಕಷ್ಟ. ವೇಗ ಕಡಿಮೆಯಿದ್ದರೂ ತೂಕವೇ ಕೆಲಸ ಮಾಡುತ್ತದೆ, ಅದೂ ಬೋಟಿನ ಗಟ್ಟಿ ಭಾಗಕ್ಕಲ್ಲ, ಅಡಿಗೆ. ಕಬ್ಬಿಣದ ಬೋಟಿನಲ್ಲಿ ತಳದ ಪ್ಲೇಟು ಒಳಕ್ಕೆ ಬಾಗುವಾಗ ಫ್ರೇಮಿಗೆ ಸೇರಿಸಿದ ವೆಲ್ಡಿಂಗ್ ಸಾಲು ಹರಿಯುತ್ತದೆ. ಮರದ ಬೋಟಿನಲ್ಲಿ ಹಲಗೆ ಒಡೆಯುವ ಮೊದಲೇ ಬೋಲ್ಟು, ಮೊಳೆ ಕಿತ್ತು ಬಂದು ಸಂದು ಬಿಚ್ಚಿಕೊಳ್ಳುತ್ತದೆ. ಫೈಬರ್ ಬೋಟಿನಲ್ಲಿ ಪದರಗಳು ಬೇರಾಗುತ್ತವೆ, ಹೊರಗೆ ಕಾಣುವ ಗೆರೆಗಿಂತ ಒಳಗಿನ ಹಾನಿ ದೊಡ್ಡದು. ಹಿಂಭಾಗಕ್ಕೆ ತಾಗಿದರೆ ರಡ್ಡರ್, ಪ್ರೊಪೆಲ್ಲರ್, ಶಾಫ್ಟು ಬಾಗಿ, ಶಾಫ್ಟು ಹೊರಹೋಗುವ ಸ್ಟರ್ನ್ ಟ್ಯೂಬಿನಿಂದ ಎಂಜಿನ್ ರೂಮಿಗೇ ನೀರು ನುಗ್ಗುತ್ತದೆ.

ಎಷ್ಟು ನೀರು? ನೀರಿನ ಮಟ್ಟದಿಂದ 1.5 ಮೀಟರ್ ಕೆಳಗೆ 20 ಸೆಂಟಿಮೀಟರ್ ಅಗಲದ ಒಂದು ತೂತು ಬಿತ್ತು ಎಂದುಕೊಳ್ಳಿ. ಸೆಕೆಂಡಿಗೆ ಸುಮಾರು 100 ಲೀಟರ್, ನಿಮಿಷಕ್ಕೆ 6 ಟನ್. 2 ಇಂಚಿನ ಒಳ್ಳೆಯ ಪಂಪು ಒಂದು ಗಂಟೆಯಲ್ಲಿ ಹೆಚ್ಚೆಂದರೆ 30 ಟನ್ ಹೊರಹಾಕೀತು. ಅಂದರೆ ಪಂಪಿನ ಒಂದು ಗಂಟೆಯ ಕೆಲಸ ತೂತಿನ ಐದು ನಿಮಿಷದ ಕೆಲಸ. ಎಂಜಿನ್ ರೂಮಿಗೂ ಮೀನಿನ ಹೋಲ್ಡಿಗೂ ನಡುವೆ ನೀರು ಬಿಡದ ಗೋಡೆ ಇಲ್ಲದಿದ್ದರೆ, ಇದ್ದರೂ ಪೈಪು ದಾಟಿಸಲು ಕೊರೆದ ತೂತು ಹಾಗೇ ಬಿಟ್ಟಿದ್ದರೆ, ಲೈಫ್‌ಜಾಕೆಟ್ ಹಾಕಿಕೊಳ್ಳುವುದಕ್ಕಷ್ಟೇ ಸಮಯ. ಎಐಎಸ್‌ಗೆ ಖರ್ಚು ಮಾಡುವ ಮಾಲೀಕರು ಆ ಗೋಡೆಯ ತೂತುಗಳಿಗೆ ನೀರು ತಡೆಯುವ ಗ್ಲ್ಯಾಂಡ್ ಹಾಕಿಸುವುದಕ್ಕೂ ಕೈ ಬಿಚ್ಚಬೇಕು. ಅದು ಸೆಟ್ಟಿಗಿಂತ ಅಗ್ಗ.

ಸಬ್‌ಮರೀನಿಗೂ ಪೆಟ್ಟು ಬೀಳುತ್ತದೆ. ಮೂತಿಯಲ್ಲಿ ಸೋನಾರ್ ಮುಚ್ಚುವ ಗುಮ್ಮಟ ಫೈಬರಿನದ್ದು, ಅದು ಒಡೆಯುತ್ತದೆ. ಮೈಗೆ ಅಂಟಿಸಿದ ರಬ್ಬರ್ ಹೆಂಚುಗಳು ಕಿತ್ತುಹೋಗುತ್ತವೆ. ಮೇಲೆ ಚಾಚಿಕೊಂಡಿರುವ ಪೆರಿಸ್ಕೋಪ್, ಸ್ನಾರ್ಕೆಲ್, ಆಂಟೆನಾ ಮಾಸ್ಟುಗಳು ಬಾಗಿದರೆ ಮತ್ತೆ ಒಳಕ್ಕೆ ಇಳಿಯುವುದಿಲ್ಲ. ರೆಕ್ಕೆಯಂಥ ಹೈಡ್ರೋಪ್ಲೇನ್ ಬಾಗಿದರೆ ಆಳ ಹಿಡಿದು ನಿಲ್ಲುವುದು ಕಷ್ಟ. ಟ್ರಾಲಿನ ವಯರ್ ಪ್ರೊಪೆಲ್ಲರಿಗೆ ಸುತ್ತಿದರೆ ಶಾಫ್ಟಿನ ಸೀಲು ಹಾಳು. ಇವೆಲ್ಲ ಹೊರಗಿನವು. ಒಳಗಿನ ಒತ್ತಡದ ಒಡಲು ಗಟ್ಟಿ, ಆದರೆ ಅದರ ಬಲ ಇರುವುದು ದುಂಡಗಿರುವುದರಲ್ಲಿ. ಸ್ವಲ್ಪ ಚಪ್ಪಟೆಯಾದರೂ ಎಷ್ಟು ಆಳ ತಡೆದುಕೊಳ್ಳುತ್ತದೆ ಎಂಬ ಲೆಕ್ಕ ಬದಲಾಗುತ್ತದೆ. ಅದಕ್ಕೇ ಸಣ್ಣ ತಾಗುವಿಕೆಯಾದರೂ ಡಾಕಿಗೆ ಏರಿಸಿ ದುಂಡು ಅಳೆದು, ವೆಲ್ಡಿಂಗುಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡುವುದು.

2009ರ ಮಾರ್ಚ್ 20ರಂದು ಹೋರ್ಮುಜ್ ಜಲಸಂಧಿಯಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಸಬ್‌ಮರೀನ್ ತನ್ನದೇ ನೌಕಾಪಡೆಯ ನ್ಯೂ ಆರ್ಲಿಯನ್ಸ್ ಹಡಗಿಗೆ ತಾಗಿದಾಗ ಸಬ್‌ಮರೀನಿನ ಮೇಲ್ಗೋಪುರ ವಾಲಿಹೋಯಿತು, ಹಡಗಿನ ತೈಲ ಟ್ಯಾಂಕ್ ಹರಿದು ಸುಮಾರು 25,000 ಗ್ಯಾಲನ್ ಡೀಸೆಲ್ ಸಮುದ್ರಕ್ಕೆ ಹೋಯಿತು. ಬೋಟಿನವರಿಗೆ ಇದಕ್ಕಿಂತ ಉಪಯೋಗದ ಪಾಠ 2021ರ ಫೆಬ್ರವರಿ 8ರದ್ದು. ಜಪಾನಿನ ಸೋರ್ಯು ಏರಿ ಬರುವಾಗ ಓಷನ್ ಆರ್ಟೆಮಿಸ್ ಎಂಬ ಸರಕು ಹಡಗಿಗೆ ತಾಗಿತು. ಸಬ್‌ಮರೀನಿನ ಸಂಪರ್ಕ ಆಂಟೆನಾವೇ ಮುರಿದುಹೋಗಿ, ಮೊಬೈಲ್ ಸಿಗ್ನಲ್ ಸಿಗುವಲ್ಲಿಗೆ ಬಂದು ಮೂರು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ ಸುದ್ದಿ ತಿಳಿಸಬೇಕಾಯಿತು. ತಾಗಿದವರೇ ಕರೆ ಮಾಡಿ ಎಲ್ಲರನ್ನೂ ಕರೆಸುತ್ತಾರೆ ಎಂದು ಕಾಯುವ ಹಾಗಿಲ್ಲ. ಡಿಎಟಿ (ಉಪಗ್ರಹದ ಮೂಲಕ ಅಪಾಯದ ಸುದ್ದಿ ಕಳಿಸುವ ಸಾಧನ) ಗುಂಡಿ ಒತ್ತುವುದು, ವಿಎಚ್‌ಎಫ್ 16ನೇ ಚಾನೆಲ್ಲಿನಲ್ಲಿ ಕೂಗುವುದು, ಸಿಗ್ನಲ್ ಇದ್ದರೆ ಕೋಸ್ಟ್‌ಗಾರ್ಡಿನ 1554ಕ್ಕೆ ಫೋನ್ ಮಾಡುವುದು ನಿಮ್ಮದೇ ಕೆಲಸ.

ಸೆಟ್ಟಿಗಿಂತ ಫಿಟ್ಟಿಂಗ್ ಮುಖ್ಯ

ದಕ್ಕೆಯಲ್ಲಿ ಕೇಳಿಬರುವ "ಎಐಎಸ್ ಹಾಕಿದ್ದೇವೆ, ಹತ್ತಿರ ಬರುವವರೆಗೂ ಹಡಗಿನವರಿಗೆ ಕಾಣುವುದಿಲ್ಲವಂತೆ" ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಸೆಟ್ಟಿನೊಳಗೆ ಇರುವುದಿಲ್ಲ, ಕೇಬಲ್ಲಿನಲ್ಲಿರುತ್ತದೆ. ಅಗ್ಗದ ಫಿಟ್ಟಿಂಗಿನಲ್ಲಿ ಹಾಕುವುದು 5 ಮಿಲಿಮೀಟರ್ ದಪ್ಪದ ಆರ್‌ಜಿ-58. ಕ್ಯಾಬಿನ್ನಿನಿಂದ ಮಾಸ್ಟಿನ ತುದಿಗೆ 15 ಮೀಟರ್ ಓಡಿಸಿದರೆ ಈ ಫ್ರೀಕ್ವೆನ್ಸಿಯಲ್ಲಿ ಹತ್ತಿರ ಹತ್ತಿರ ಅರ್ಧ ಶಕ್ತಿ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುತ್ತದೆ. 2 ವ್ಯಾಟಿನ ಸೆಟ್ಟಿನಿಂದ ಆಂಟೆನಾಕ್ಕೆ ತಲುಪುವುದು 1 ವ್ಯಾಟ್. ಅದೇ ದೂರಕ್ಕೆ 10 ಮಿಲಿಮೀಟರ್ ದಪ್ಪದ ಆರ್‌ಜಿ-213 ಹಾಕಿದರೆ ಸುಮಾರು ಮುಕ್ಕಾಲು ಭಾಗ ಮೇಲೆ ತಲುಪುತ್ತದೆ. ದಪ್ಪ ಕೇಬಲ್ ಬಾಗುವುದಿಲ್ಲ, ಮಾಸ್ಟಿನ ಪೈಪಿನೊಳಗೆ ತೂರಿಸುವುದು ಕಷ್ಟ ಎಂದು ಫಿಟ್ಟರ್ ಗೊಣಗುತ್ತಾನೆ. ಗೊಣಗಲಿ.

ಕನೆಕ್ಟರ್ ಪಿಎಲ್-259. ಮಧ್ಯದ ಪಿನ್ನಿಗೆ ಬೆಸುಗೆ ತುಂಬಿ ತಂತಿ ಹಿಡಿದಿರಬೇಕು. ಹೊರಗಿನ ಜಾಲರಿಯ ಒಂದೇ ಒಂದು ಎಳೆ ಒಳಗಿನ ತಂತಿಗೆ ತಾಗಿದರೂ ಶಾರ್ಟ್. ಮೇಲಿನ ಜೋಡಣೆಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎರಡರಷ್ಟು ಉದ್ದಕ್ಕೆ ಎಳೆದು, ಕೆಳಗಿನಿಂದ ಮೇಲಕ್ಕೆ, ಅರ್ಧ ಅರ್ಧ ಮೇಲೇರುವ ಹಾಗೆ ಸುತ್ತಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪದರದ ಬಾಯಿ ಮೇಲ್ಮುಖವಾಗಿ ನಿಂತು ಮಳೆನೀರು ಒಳಗಿಳಿಯುತ್ತದೆ. ಅದರ ಮೇಲೆ ಬಿಸಿಲು ತಡೆಯಲು ಕಪ್ಪು ಪಿವಿಸಿ ಟೇಪು. ವಿನೆಗರ್ ವಾಸನೆಯ ಸಿಲಿಕಾನ್ ಬಳಿಯುವವರಿದ್ದಾರೆ. ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ, ಬೇಡ. ಕ್ಯಾಬಿನ್ನಿನೊಳಗೆ ಹೋಗುವ ಮುನ್ನ ಕೇಬಲ್ ಒಂದು ಗೇಣು ಕೆಳಗಿಳಿದು ಮೇಲೆ ಹೋಗಬೇಕು, ನೀರು ಅಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಕರಾವಳಿಯ ಒಂದು ಮಳೆಗಾಲ ದಾಟಿದ ಮೇಲೆ ಕನೆಕ್ಟರ್ ಬಿಚ್ಚಿ ನೋಡಿ. ಜಾಲರಿ ಕೆಂಪಗಿದ್ದರೆ ಸರಿ, ಹಸಿರು ಅಥವಾ ಕಪ್ಪು ತಿರುಗಿದ್ದರೆ ತುದಿ ಕತ್ತರಿಸಿ ಹೊಸದು ಹಾಕಬೇಕು. ಕಪ್ಪು ಎರಡು ಅಡಿ ಒಳಗೂ ಮುಂದುವರಿದಿದ್ದರೆ ಕೇಬಲ್ಲೇ ಹೋಯಿತು.

ಆಂಟೆನಾ 3 ಡಿಬಿಯದ್ದು (ಡಿಬಿ ಹೆಚ್ಚಿದಷ್ಟೂ ಶಕ್ತಿ ಒಂದೇ ಮಟ್ಟಕ್ಕೆ ಕೂಡಿಕೊಳ್ಳುತ್ತದೆ) ಸಾಕು, ಸುಮಾರು 1.2 ಮೀಟರ್ ಉದ್ದದ್ದು. 6 ಡಿಬಿ ಹೆಚ್ಚು ದೂರ ಎಂದು ಮಾರುತ್ತಾರೆ. ಅದರ ಕಿರಣ ಚಪ್ಪಟೆ, ಬೋಟು ಹೊರಳಿದಾಗ ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ. 162 ಮೆಗಾಹರ್ಟ್ಸ್‌ಗೆ ಟ್ಯೂನ್ ಆದದ್ದನ್ನೇ ಕೇಳಿ ಪಡೆಯಿರಿ. ಮಾತಾಡುವ ವಿಎಚ್‌ಎಫ್ ಆಂಟೆನಾಕ್ಕಿಂತ ಒಂದು ಮೀಟರ್ ಮೇಲೆ ಅಥವಾ ಕೆಳಗೆ, ಕಬ್ಬಿಣದ ಮಾಸ್ಟಿಗೆ ಒತ್ತಿಕೊಳ್ಳದ ಹಾಗೆ. ಒಂದೇ ಆಂಟೆನಾವನ್ನು ಎರಡಕ್ಕೂ ಹಂಚುವ ಸ್ಪ್ಲಿಟರ್ ಇದೆ, ಮಾತಾಡುವಷ್ಟು ಹೊತ್ತು ಎಐಎಸ್ ಬಾಯಿ ಮುಚ್ಚುತ್ತದೆ. ಮಾತಿಗೆ ಬಿಡುವಿಲ್ಲದ ನಮ್ಮ ಬೋಟುಗಳಿಗೆ ಅದು ಹೊಂದುವುದಿಲ್ಲ.

ಫಿಟ್ಟರ್ ಹೋಗುವ ಮುನ್ನ ಎಸ್‌ಡಬ್ಲ್ಯುಆರ್ ಅಳೆಸಿ, ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಎಂಬುದರ ಅಳತೆ ಅದು. 1.5ರೊಳಗೆ ಒಳ್ಳೆಯದು, 2 ದಾಟಿದರೆ ಎಲ್ಲೋ ಜೋಡಣೆ ಕೆಟ್ಟಿದೆ, 3 ದಾಟಿದರೆ ಸೆಟ್ಟೇ ಬೊಬ್ಬೆ ಹಾಕುತ್ತದೆ. ಒಂದು ಎಚ್ಚರಿಕೆ: ನೀರು ಕುಡಿದ ಹಳೆಯ ಉದ್ದ ಕೇಬಲ್ಲಿನಲ್ಲಿ ಮೀಟರ್ ತುಂಬ ಚೆನ್ನಾಗಿ 1.1 ತೋರಿಸಬಹುದು. ಹೋದ ಶಕ್ತಿ ವಾಪಸ್ ಬರುವ ದಾರಿಯಲ್ಲೂ ಕೇಬಲ್ಲಿನಲ್ಲೇ ಸತ್ತಿರುತ್ತದೆ, ಅದಕ್ಕೆ. ಹಳೆಯ ಕೇಬಲ್ಲಿಗೆ ಹೊಸ ಸೆಟ್ ಜೋಡಿಸಿ "ಮೀಟರ್ ನೋಡಿ, ಎಷ್ಟು ಚೆನ್ನಾಗಿದೆ" ಎಂದರೆ, ಮೀಟರನ್ನು ಆಂಟೆನಾ ತುದಿಯಲ್ಲಿ ಇಟ್ಟು ತೋರಿಸಲು ಹೇಳಿ.

ವಿದ್ಯುತ್ತನ್ನು ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಎಳೆಯಬಾರದು. ಸ್ಟಾರ್ಟರ್ ಒತ್ತಿದಾಗ ವೋಲ್ಟೇಜ್ ಬಿದ್ದು ಸೆಟ್ ಮರುಚಾಲೂ ಆಗಿ, ಜಿಪಿಎಸ್ ಮತ್ತೆ ಹಿಡಿಯುವ ತನಕ ಮೌನ. ಜಿಪಿಎಸ್ ಸ್ಥಾನ ಇಲ್ಲದೆ ಕ್ಲಾಸ್ ಬಿ ಕಳಿಸುವುದಿಲ್ಲ. ಬೇರೆ ಬ್ಯಾಟರಿ, ಅದಕ್ಕೇ ಬೇರೆ ಫ್ಯೂಸ್. 24 ವೋಲ್ಟ್ ಬೋಟಿಗೆ 12 ವೋಲ್ಟಿನ ಸೆಟ್ ತಂದು ಎರಡು ಬ್ಯಾಟರಿಯ ನಡುವಿನಿಂದ 12 ತೆಗೆಯುವ ಉಪಾಯ ಬೇಡ, ಒಂದು ಬ್ಯಾಟರಿ ಬೇಗ ಸಾಯುತ್ತದೆ. ಎರಡೂ ವೋಲ್ಟಿಗೆ ಹೊಂದುವ ಸೆಟ್ಟುಗಳೇ ಸಿಗುತ್ತವೆ.

ಎಲ್ಇಡಿ ದೀಪಗಳ ವಿಷಯ ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ. ಅಗ್ಗದ ಎಲ್ಇಡಿ ಫ್ಲಡ್‌ಲೈಟಿನ ಒಳಗಿನ ಡ್ರೈವರ್ ಸರ್ಕ್ಯೂಟ್ ವಿಎಚ್‌ಎಫ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಅಮೆರಿಕದ ಕೋಸ್ಟ್‌ಗಾರ್ಡ್ 2018ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಡೆಕ್ಕಿನ ದೀಪ ಹಾಕಿದ ಕೂಡಲೇ ನಿಮ್ಮ ಎಐಎಸ್ ದೂರದ ಹಡಗುಗಳನ್ನು ಹಿಡಿಯುವುದು ನಿಲ್ಲಿಸುತ್ತದೆ, ಸ್ಕ್ರೀನಿನಲ್ಲಿ ಹತ್ತಿರದವು ಮಾತ್ರ ಉಳಿಯುತ್ತವೆ. ಪರೀಕ್ಷೆ ಸುಲಭ. ವಿಎಚ್‌ಎಫ್ ರೇಡಿಯೋವನ್ನು ಯಾರೂ ಮಾತಾಡದ ಚಾನೆಲ್ಲಿಗೆ ಇಟ್ಟು, ಸ್ಕ್ವೆಲ್ಚ್ (ಗದ್ದಲ ತಡೆಯುವ ತಿರುಗುಗುಂಡಿ) ಅನ್ನು ಸರ್ರೆಂಬ ಸದ್ದು ಈಗಷ್ಟೇ ನಿಂತಿತು ಎನ್ನುವಲ್ಲಿಗೆ ತನ್ನಿ. ಈಗ ದೀಪ ಹಾಕಿ. ಸದ್ದು ಮತ್ತೆ ಶುರುವಾದರೆ ದೀಪವೇ ಕಾರಣ. ಒಂದೊಂದೇ ದೀಪ ಆರಿಸುತ್ತಾ ಹೋದರೆ ತಂಟೆಯ ದೀಪ ಸಿಗುತ್ತದೆ. ಅದನ್ನು ಬದಲಿಸಿ, ಇಲ್ಲವೇ ಆಂಟೆನಾ ದೂರ ಸರಿಸಿ, ದೀಪದ ವಯರಿಗೆ ಗದ್ದಲ ಹೀರುವ ಫೆರೈಟ್ ಉಂಗುರ ಹಾಕಿ. ಉಂಗುರ ಪೂರ್ತಿ ಗುಣ ಮಾಡುವುದು ಕಡಿಮೆ.

ಸೆಟ್ಟಿಂಗ್

ಎಂಎಂಎಸ್‌ಐ, ಅಂದರೆ ಬೋಟಿನ ರೇಡಿಯೋ ಗುರುತಿನ ನಂಬರ್, ಒಂಬತ್ತು ಅಂಕೆಯದ್ದು, ಭಾರತದ್ದು 419ರಿಂದ ಶುರು. ಸಾಮಾನ್ಯವಾಗಿ ಒಂದೇ ಸಲ ತುಂಬಲು ಬಿಡುತ್ತದೆ. ಒಂದು ಅಂಕೆ ತಪ್ಪಿದರೆ ಸೆಟ್ಟನ್ನು ಡೀಲರ್ ಕೈಗೆ ಕೊಟ್ಟು ಅಳಿಸಬೇಕು. ಹಳೆಯ ಬೋಟಿನೊಂದಿಗೆ ಬಂದ ಸೆಟ್ಟಿನಲ್ಲಿ ಯಾವ ಬೋಟಿನ ನಂಬರ್ ಇದೆ ಎಂದು ಮೊದಲು ನೋಡಿ. ಬೋಟಿನ ವಿಧಕ್ಕೆ 30, ಅದು ಮೀನುಗಾರಿಕೆ. ಉದ್ದ, ಅಗಲ, ಜಿಪಿಎಸ್ ಆಂಟೆನಾ ಇರುವ ಜಾಗದ ಅಳತೆಗಳನ್ನು ಸೊನ್ನೆ ಬಿಡುವವರೇ ಹೆಚ್ಚು, ತುಂಬಿ. ನೆನಪಿಡಬೇಕಾದ್ದು, ಕ್ಲಾಸ್ ಬಿಯಲ್ಲಿ "ಮೀನು ಹಿಡಿಯುತ್ತಿದೆ" ಎಂಬ ಸ್ಥಿತಿ ಕಳಿಸುವ ಸೌಲಭ್ಯವೇ ಇಲ್ಲ, ಅದು ಕ್ಲಾಸ್ ಎಗೆ ಮಾತ್ರ. ನಿಮ್ಮ ಹಿಂದೆ ಬಲೆ ಇದೆ ಎಂದು ಹಡಗಿನವರಿಗೆ ಹೇಳುವುದು ಈಗಲೂ ಮಾಸ್ಟಿನ ಹಸಿರು ದೀಪ, ಅದರ ಕೆಳಗಿನ ಬಿಳಿ ದೀಪವೇ. ಟ್ರಾಲ್ ಅಲ್ಲದ ಮೀನುಗಾರಿಕೆಗೆ ಕೆಂಪು, ಕೆಳಗೆ ಬಿಳಿ.

ಡಿಕ್ಕಿ ಎಚ್ಚರಿಕೆಯ ಅಲಾರಂ ಅನ್ನು ಕಂಪನಿ ಇಟ್ಟ ಹಾಗೇ ಬಿಟ್ಟರೆ ಮಲ್ಪೆ ಬಂದರಿನ ಬಾಯಲ್ಲೇ ನೂರು ಸಲ ಕೂಗುತ್ತದೆ, ಆಮೇಲೆ ತಾಂಡೇಲ (ಬೋಟು ನಡೆಸುವವ) ಅದನ್ನು ಕಾಯಂ ಆಫ್ ಮಾಡುತ್ತಾನೆ. ಹೊರಗೆ, 20 ನಿಮಿಷದೊಳಗೆ 1 ಮೈಲಿಗಿಂತ ಹತ್ತಿರ ಬರುವವರಿಗೆ ಮಾತ್ರ ಕೂಗುವ ಹಾಗೆ ಇಡಿ, ದಡದ ಹತ್ತಿರ ಕಾಲು ಮೈಲಿಗೆ ಇಳಿಸಿ. ಎಂಜಿನ್ ಸದ್ದಿನಲ್ಲಿ ಸೆಟ್ಟಿನ ಪುಟ್ಟ ಬೀಪ್ ಕೇಳುವುದಿಲ್ಲ, ಹೊರಗಿನ ಬಜರ್ ಹಾಕಿಸಿ. ಇದೇ ಕಾರಣಕ್ಕೆ ಸ್ಕ್ರೀನ್ ಇಲ್ಲದ ಕಪ್ಪು ಡಬ್ಬಿಯ ಸೆಟ್ ನಮ್ಮಲ್ಲಿಗೆ ಹೊಂದುವುದಿಲ್ಲ ಎನ್ನುವುದು. ಫೋನಿಗೆ ಜೋಡಿಸಿ ನೋಡಬಹುದು ಎನ್ನುತ್ತಾರೆ, ಫೋನು ಯಾವಾಗಲೂ ಯಾರದೋ ಜೇಬಿನಲ್ಲಿರುತ್ತದೆ.

ಪುಕ್ಕಟೆ ಟ್ರಾನ್ಸ್‌ಪಾಂಡರ್ ಇರುವಾಗ ಇದೇಕೆ?

ಇಸ್ರೋ ತಂತ್ರಜ್ಞಾನದ ಉಪಗ್ರಹ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಕೊಡುವ 364 ಕೋಟಿ ರೂಪಾಯಿಯ ಯೋಜನೆ 2024ರಲ್ಲಿ ಶುರುವಾಯಿತು. ಒಳ್ಳೆಯ ಸಾಧನ, ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ. ಆದರೆ ಅದು ನಿಮ್ಮ ಸ್ಥಾನವನ್ನು ಉಪಗ್ರಹದ ಮೂಲಕ ದಡಕ್ಕೆ ಹೇಳುತ್ತದೆ, ಎರಡು ಮೈಲು ಆಚೆಯ ಹಡಗಿಗಲ್ಲ. ಪಕ್ಕದಲ್ಲಿ ಮಾಸ್ಟ್ ಎತ್ತಿದ ಸಬ್‌ಮರೀನಿಗೂ ಅಲ್ಲ. ಎಐಎಸ್ ಹತ್ತಿರದವರಿಗೆ, ಅದು ದಡದವರಿಗೆ. ಒಂದಿದ್ದರೆ ಇನ್ನೊಂದು ಬೇಡ ಎಂದಾಗುವುದಿಲ್ಲ. 20 ಮೀಟರ್ ದಾಟಿದ ಬೋಟಿಗೆ ಎಐಎಸ್ ಹೇಗೂ ಕಡ್ಡಾಯ.

ಕಡ್ಡಾಯ ಎಂದು ಹಾಕಿಸಿ ಆಮೇಲೆ ಸ್ವಿಚ್ ಆಫ್ ಮಾಡುವುದೇ ಈ ಸಾಧನದ ದೊಡ್ಡ ರೋಗ. ಮೀನು ಸಿಕ್ಕ ಜಾಗ ಬೇರೆ ಬೋಟಿನವರಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ. ಹೆದರಿಕೆ ಸುಳ್ಳಲ್ಲ, ಗೊತ್ತಾಗುತ್ತದೆ. ಆದರೂ ರಾತ್ರಿ ತೇಲಿಬಿಟ್ಟು ಎಲ್ಲರೂ ಮಲಗುವಾಗ ಆಫ್ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ ಹೊತ್ತಿನಲ್ಲಿ ಎಂಜಿನ್ ಸದ್ದೂ ಇಲ್ಲ, ಎಐಎಸ್ಸೂ ಇಲ್ಲ, ಕೆಳಗಿನವರಿಗೆ ನೀವಿದ್ದೀರಿ ಎನ್ನಲು ಏನೂ ಉಳಿಯುವುದಿಲ್ಲ. ಇನ್ನು ಬಲೆಗೆ ಕಟ್ಟುವ ಅಗ್ಗದ ಎಐಎಸ್ ಬೋಯಾಗಳು. ಸಿಕ್ಕ ನಂಬರ್ ತುಂಬಿ ಬಿಟ್ಟರೆ ಸ್ಕ್ರೀನಿನಲ್ಲಿ ಬೋಟೇ ಇದ್ದ ಹಾಗೆ ಕಾಣುತ್ತವೆ, ನಿಜವಾದ ಬೋಟುಗಳು ಅದರ ನಡುವೆ ಕಳೆದುಹೋಗುತ್ತವೆ.

ಎಐಎಸ್ ಏನೂ ಮಾಡಲಾಗದ ಸಂದರ್ಭವೊಂದಿದೆ, ಬಲೆಗೆ ಸಿಕ್ಕಿಕೊಳ್ಳುವುದು. 1990ರ ನವೆಂಬರ್ 22ರಂದು ಸ್ಕಾಟ್ಲೆಂಡಿನ ಕ್ಲೈಡ್ ಕೊಲ್ಲಿಯಲ್ಲಿ ಬ್ರಿಟನ್ನಿನ ಟ್ರೆಂಚಂಟ್ ಸಬ್‌ಮರೀನ್ ಆಂಟಾರಿಸ್ ಎಂಬ ಟ್ರಾಲ್ ಬೋಟಿನ ಬಲೆಗೆ ಸಿಕ್ಕಿ ಬೋಟನ್ನೇ ಕೆಳಗೆಳೆಯಿತು, ನಾಲ್ವರೂ ಹೋದರು. ಇಲ್ಲಿ ಲಕ್ಷಣ ಬೇರೆ: ಬಂಡೆಗೆ ಸಿಕ್ಕಿದರೆ ಬೋಟು ನಿಲ್ಲುತ್ತದೆ, ಇಲ್ಲಿ ಬೋಟು ಹಿಂದಕ್ಕೆ ಅಥವಾ ಅಡ್ಡಕ್ಕೆ ಎಳೆಯಲ್ಪಡುತ್ತದೆ, ವಯರಿನ ದಿಕ್ಕು ಸರಿಯುತ್ತಾ ಹೋಗುತ್ತದೆ. ಎಂಜಿನ್ ಫುಲ್ ಕೊಟ್ಟು ಎಳೆಯುವುದು ತಪ್ಪು. ಮೊದಲು ವಿಂಚಿನ ಬ್ರೇಕ್ ಪೂರ್ತಿ ಸಡಿಲಿಸಿ ಎರಡೂ ವಯರ್ ಓಡಲು ಬಿಡಬೇಕು, ಒಂದನ್ನೇ ಬಿಟ್ಟರೆ ಬೋಟು ಮಗುಚುತ್ತದೆ. ವಯರಿನ ಕೊನೆಯನ್ನು ಡ್ರಮ್ಮಿಗೆ ಬಿಚ್ಚಲಾಗದ ಹಾಗೆ ಬೋಲ್ಟ್ ಹಾಕಿ ಬಿಗಿಯದೆ, ಜೋರಾಗಿ ಎಳೆದರೆ ಕಿತ್ತುಹೋಗುವ ತೆಳು ಹಗ್ಗದಿಂದ ಕಟ್ಟಿರಬೇಕು. ಹಿಂಬದಿಯ ಹೋಲ್ಡ್ ಮುಚ್ಚಳ, ಎಂಜಿನ್ ರೂಮಿನ ಬಾಗಿಲು ಬಲೆ ಎಳೆಯುವಾಗ ಮುಚ್ಚಿರಬೇಕು. ಬಲೆ ಹೋದರೆ ಲಕ್ಷಗಳ ನಷ್ಟ, ತಾಂಡೇಲ ಬ್ರೇಕ್ ಬಿಡಲು ಹಿಂಜರಿಯುವುದು ಅದಕ್ಕೇ; ಬಲೆ ಹೋದರೆ ಲೆಕ್ಕ ಕೇಳುವುದಿಲ್ಲ ಎಂದು ಮಾಲೀಕರು ಮೊದಲೇ ಹೇಳಿರಬೇಕು.

ಖರೀದಿಗೆ ಸರಿಯಾದ ಕಾಲ ಜೂನ್-ಜುಲೈ, 61 ದಿನದ ಮೀನುಗಾರಿಕೆ ರಜೆ. ಬೋಟು ದಕ್ಕೆಯಲ್ಲೇ ಇರುತ್ತದೆ, ಮಾಸ್ಟ್ ಇಳಿಸಿ ಕೇಬಲ್ ಎಳೆಯಬಹುದು. ಜುಲೈ ಕೊನೆಯ ವಾರಕ್ಕೆ ಬಿಟ್ಟರೆ ಫಿಟ್ಟರ್ ಒಬ್ಬ, ಬೋಟು ಹತ್ತು. ಮಳೆಯಲ್ಲಿ ಬೆಸುಗೆ ಹಾಕಿದ ಕನೆಕ್ಟರ್ ಒಳಗೆ ತೇವ ಸೇರಿಯೇ ಸೀಲ್ ಆಗುತ್ತದೆ, ಆದ್ದರಿಂದ ಆ ಕೆಲಸ ಶೆಡ್ಡಿನೊಳಗೆ ಮಾಡಿಸಿ. ಹಣ ಪೂರ್ತಿ ಕೊಡುವ ಮುನ್ನ ನಾಲ್ಕೈದು ಮೈಲು ದೂರದ ಇನ್ನೊಂದು ಬೋಟಿನ ಸ್ಕ್ರೀನಿನಲ್ಲಿ ನಿಮ್ಮ ಬೋಟಿನ ಹೆಸರು ಬಂತೇ ನೋಡಿ. ಹೆಸರಿನ ಸಂದೇಶ 6 ನಿಮಿಷಕ್ಕೊಮ್ಮೆ ಹೋಗುವುದು, ಮೊದಲು ಬರೀ ನಂಬರ್ ಬಂದರೆ ಗಾಬರಿ ಬೇಡ. ಸ್ವಂತ ಸೆಟ್ಟಿನಲ್ಲಿ ಬೇರೆ ಬೋಟುಗಳು ಕಾಣುತ್ತಿವೆ ಎಂಬುದು ಪರೀಕ್ಷೆಯಲ್ಲ. ಕಳಿಸುವ ಭಾಗ ಸತ್ತಿದ್ದರೂ ಹಿಡಿಯುವ ಭಾಗ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಮೆನುವಿನಲ್ಲಿ ಸೈಲೆಂಟ್ ಮೋಡ್ (ಕಳಿಸುವುದನ್ನು ನಿಲ್ಲಿಸುವ ಸ್ವಿಚ್) ಆನ್ ಆಗಿಲ್ಲ ಎಂಬುದನ್ನೂ ಆಗಲೇ ನೋಡಿಕೊಳ್ಳಿ.